ಅವಳ ದನಿಯ ಹಿಂದಿನ ಸುಯ್ ಸದ್ದು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇನ್ಯಾರೋ ಕಂಡುಹಿಡಿದು ಹೇಳುವುದು ಬೇಡ. ಸೀರೆ, ಒಡವೆ, ಪಕ್ಕದ ಮನೆಯವರ ಕಾರು, ಇವುಗಳ ಮೇಲೆ ನನಗೆ ಕಣ್ಣಿಲ್ಲ. ಯಾರು ಬೇಕಾದರೂ ಏನು ಬೇಕಾದರೂ ಉಟ್ಟುಕೊಂಡು ಓಡಾಡಲಿ. ಆದರೆ ನಾನು ಮಾಡಬೇಕಾಗಿದ್ದ ಕೆಲಸವನ್ನು ಇನ್ನೊಬ್ಬಳು ಮಾಡಿ, ಅದನ್ನೂ ನನಗಿಂತ ಚೆನ್ನಾಗಿ ಮಾಡಿ, ಮೇಲೆ ನನ್ನನ್ನೇ ಬಾಯಿ ತುಂಬ ‘ಅಕ್ಕಾ’ ಎಂದು ಕರೆದರೆ ನನ್ನ ಮೈಯೆಲ್ಲ ಉರಿಯುತ್ತದೆ.

ಅವಳು ಗದಗದ ಕಡೆಯವಳು, ನಾನು ಹೊಸಕೋಟೆ ಕಡೆಯವಳು. ಪಟ್ಟಂದೂರು ಅಗ್ರಹಾರದ ಒಂದು ಪಿಜಿಯಲ್ಲಿ ಒಂದೇ ರೂಮಿನಲ್ಲಿದ್ದೆವು. ಮಕ್ಕಳು ಫೋನಿನಲ್ಲಿ ಕೇಳುವ ಕನ್ನಡ ಪಾಠಗಳನ್ನು ಓದಿ ರೆಕಾರ್ಡ್ ಮಾಡುವ ಸಣ್ಣ ಕಂಪನಿಯೊಂದು ವೈಟ್‌ಫೀಲ್ಡಿನಲ್ಲಿತ್ತು. ಓದಲು ಹೆಣ್ಣುದನಿ ಬೇಕೆಂದು ಕೇಳಿ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಹೋಗೋಣ ಬಾ ಎಂದು ಅವಳನ್ನು ಎಳೆದುಕೊಂಡು ಹೋದವಳು ನಾನು. ಶಾಲೆಯಲ್ಲಿ ಭಾಷಣಕ್ಕೆ ಪ್ರತಿ ವರ್ಷ ಬಹುಮಾನ ತಂದವಳೂ ನಾನೇ. ಆದರೂ ಆರಿಸಿದ್ದು ಅವಳನ್ನು. ಮನೆಯಲ್ಲಿ ‘ಬರಾಕತ್ತೈತಿ, ಹೋಗಾಕತ್ತೈತಿ’ ಎನ್ನುವ ಹುಡುಗಿ ಮೈಕಿನ ಮುಂದೆ ಕೂತ ತಕ್ಷಣ ಅಕ್ಷರಕ್ಕೆ ಅಕ್ಷರ ಒರೆಸಿಟ್ಟ ಹಾಗೆ ಓದಿಬಿಟ್ಟಳು. ಮ್ಯಾನೇಜರು ನನ್ನ ಕಡೆ ತಿರುಗಿ, “ಮೇಡಂ, ನಿಮ್ಮ ಕಿವಿ ತುಂಬಾ ಶಾರ್ಪು. ನೀವು ಚೆಕಿಂಗ್ ನೋಡ್ಕೊಳ್ಳಿ” ಅಂದರು. ಮದುವೆಯ ಹೆಣ್ಣಾಗಲು ಹೋದವಳ ಕೈಗೆ ಸಾರಿನ ಬಕೆಟ್ ಕೊಟ್ಟು ಬಡಿಸಮ್ಮಾ ಅಂದ ಹಾಗಾಯಿತು. ಕೆಲಸ ಬೇಕಿತ್ತು, ಬಡಿಸಿದೆ.

ಕೆಲಸ ಇಷ್ಟೇ. ಅವಳು ಓದಿದ ಪಾಠ ನನ್ನ ಕಂಪ್ಯೂಟರಿಗೆ ಬರುತ್ತದೆ. ನಾನು ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆವರೆಗೆ ಕೇಳಬೇಕು. ಚೆನ್ನಾಗಿದ್ದರೆ ‘ಸರಿ’ ಎಂದು ಬರೆಯಬೇಕು. ನಾಯಿ ಬೊಗಳಿದರೆ, ತಪ್ಪು ಓದಿದ್ದರೆ, ಹಿಂದೆ ಏನಾದರೂ ಸದ್ದಿದ್ದರೆ ‘ವಾಪಸ್’ ಎಂದು ಬರೆದು ಕಾರಣ ಹಾಕಬೇಕು. ವಾಪಸ್ ಬಂದದ್ದನ್ನು ಅವಳು ಮತ್ತೆ ಓದಬೇಕು. ನನ್ನ ಮಾತೇ ಕೊನೆಯದು. ಎರಡು ವರ್ಷ ತಪ್ಪು ಹುಡುಕಿದೆ, ದೇವರಾಣೆಗೂ ಹುಡುಕಿದೆ. ಹಾಳಾದವಳು ತಪ್ಪೇ ಮಾಡುತ್ತಿರಲಿಲ್ಲ. ದಿನಕ್ಕೆ ಹತ್ತು ಸಲ ‘ಸರಿ, ಸರಿ, ಸರಿ’ ಎಂದು ನನ್ನ ಕೈಯಿಂದಲೇ ಬರೆಯಬೇಕಿತ್ತು.

ಅಷ್ಟರಲ್ಲಿ ನನಗೆ ಮದುವೆಯಾಗಿ ಕುಂದಲಹಳ್ಳಿಯ ಬಾಡಿಗೆ ಮನೆಗೆ ಬಂದೆ. ಅವಳು ಅಗ್ರಹಾರದಲ್ಲೇ ಒಂದು ರೂಮು ಹಿಡಿದಳು. ಇಬ್ಬರಿಗೂ ಮನೆಯಿಂದಲೇ ಕೆಲಸ ಎಂದಾಯಿತು. ಅವಳು ಊರಿಂದ ಅವ್ವ ಹಳೆ ಸೀರೆಗಳಿಂದ ಹೊಲಿದ ಕೌದಿಗಳನ್ನು ತರಿಸಿ, ಹೊರಗಿನ ಸದ್ದು ತಡೆಯಲೆಂದು ನಾಲ್ಕು ಗೋಡೆಗೂ ನೇತುಹಾಕಿ, ನಡುವೆ ಮೈಕಿಟ್ಟುಕೊಂಡು ಓದತೊಡಗಿದಳು. ನನಗೆ ದಿನವಿಡೀ ಹೆಡ್‌ಫೋನ್ ಹಾಕಿ ಹಾಕಿ ಕಿವಿಯೊಳಗೆ ಬಾವು ಬಂತು. ಮೂರು ತಿಂಗಳು ಕಿವಿಗೆ ಏನೂ ತುರುಕಬೇಡಿ ಎಂದರು ಡಾಕ್ಟರು. ಸರಿ, ಕಂಪ್ಯೂಟರಿಗೆ ಸ್ಪೀಕರ್ ತರುವುದೆಂದಾಯಿತು.

ಅವಳಿಗೆ ಹೇಗೋ ಗೊತ್ತಾಗಿ ಫೋನ್ ಮಾಡಿದಳು. “ಅಕ್ಕಾ, ಅಂಗಡ್ಯಾಗ ಹಾಡು ಹಚ್ಚಿ ತೋರಸ್ತಾರ, ಮರುಳಾಗಬ್ಯಾಡ. ಹಾಡು ಹಚ್ಚಿದ್ರ ಎಲ್ಲಾ ಸ್ಪೀಕರೂ ಚಂದನ ಕೇಳ್ತಾವು. ಸದ್ದಿಲ್ಲದ ಒಂದು ರೆಕಾರ್ಡಿಂಗ್ ಹಚ್ಚಿ, ಸೌಂಡ್ ಪೂರ್ತಿ ಏರಿಸಿ ಕಿವಿ ಇಟ್ಟು ಕೇಳು. ಸುಯ್ ಅಂತಂದ್ರ ಬಿಟ್ಟು ಬಾ.”

ಎಷ್ಟು ಒಳ್ಳೆಯ ಮಾತು ನೋಡಿ. ಅದೇ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ಬರೆದಿಟ್ಟುಕೊಳ್ಳುತ್ತಿದ್ದೆ. ಕಿವಿಯ ವಿಷಯದಲ್ಲಿ ಇವಳು ನನಗೆ ಪಾಠ ಹೇಳುವುದೇ ಎಂದು ಉರಿ ಹತ್ತಿತು. ದನಿ ನಿಂದು, ಕಿವಿ ನಂದು ಎಂದು ತಾನೇ ಹಂಚಿದ್ದು? ಕಿವಿಯನ್ನೂ ಕಿತ್ತುಕೊಳ್ಳುತ್ತೀಯಾ? “ಆಯ್ತು ಕಣೇ” ಎಂದು ಫೋನಿಟ್ಟೆ.

ಮಾರತಹಳ್ಳಿಯ ಅಂಗಡಿಯಲ್ಲಿ ಆ ಸಂಜೆ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಹಾರನ್, ಒಳಗೆ ಮೂರು ಕಡೆ ಮೂರು ಹಾಡು. ಅಂಗಡಿಯವರು ಒಂದು ದೊಡ್ಡ ಡಬ್ಬ, ಎರಡು ಸಣ್ಣ ಡಬ್ಬದ ಸೆಟ್ಟನ್ನು ಹಚ್ಚಿ, “ಬೇಸ್ ನೋಡಿ ಮೇಡಂ, ಎದೆಗೇ ಬಂದು ಗುದ್ದುತ್ತೆ” ಅಂದರು. ಗುದ್ದಿತು. ನೀಲಿ ದೀಪ ಬೇರೆ ಮಿಣಮಿಣ ಅನ್ನುತ್ತಿತ್ತು. ಪಕ್ಕದಲ್ಲೇ ಒಂದು ಜೊತೆ ಸಾದಾ ಕಪ್ಪು ಸ್ಪೀಕರ್ ಇತ್ತು, ಅವಳ ಮನೆಯಲ್ಲಿರುವಂಥದ್ದೇ. ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ಅವಳದಕ್ಕಿಂತ ದೊಡ್ಡದು ನನ್ನ ಮೇಜಿನ ಮೇಲೆ ಕೂರಬೇಕು, ಅಷ್ಟೇ. ಪ್ಯಾಕ್ ಮಾಡಿಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಫ್ಯಾನ್ ಆರಿಸಿ, ಕಿಟಕಿ ಹಾಕಿ, ಅವಳ ಪಾಠ ಹಚ್ಚಿದೆ. ಒಂದು ವಾಕ್ಯ ಮುಗಿದು ಇನ್ನೊಂದು ಶುರುವಾಗುವ ಮೊದಲಿನ ಬಿಡುವಿನಲ್ಲಿ ಕೇಳಿಸಿತು. ಸುಯ್… ಕುಕ್ಕರಿನ ಆವಿ ಸಣ್ಣಗೆ ಸೋರುವ ಹಾಗೆ. ಮತ್ತೆ ಹಚ್ಚಿದೆ. ಮತ್ತೆ ಸುಯ್. ಪಾಠ ಮುಗಿದ ಮೇಲೆ ಒಂದೆರಡು ಕ್ಷಣಕ್ಕೆ ಅದೂ ನಿಂತಿತು. ಅಯ್ಯೋ ನನ್ನಪ್ಪಾ! ಎರಡು ವರ್ಷ ಕಾದದ್ದು ಸಿಕ್ಕಿತು. ಕೌದಿ ಕಟ್ಟಿಕೊಂಡು ಸ್ಟುಡಿಯೋ ಮಾಡುತ್ತೇನೆ ಅಂದರೆ ಆಗುತ್ತದೇನಮ್ಮಾ? ‘ವಾಪಸ್. ಹಿನ್ನೆಲೆಯಲ್ಲಿ ಸುಯ್ ಸದ್ದು’ ಎಂದು ಬರೆದೆ. ಆ ದಿನ ಮಧ್ಯಾಹ್ನ ಎರಡು ಮುದ್ದೆ ಉಂಡೆ.

ಅವಳು ಮತ್ತೆ ಓದಿ ಕಳಿಸಿದಳು. ಮತ್ತೆ ಸುಯ್. ವಾಪಸ್. ಮೂರನೆಯ ಸಲ ಫೋನ್ ಬಂತು. “ಅಕ್ಕಾ, ಎಲ್ಲಿಂದ ಬರಾಕತ್ತೈತಿ ಅದು? ನನಗ ಕೇಳಸವಲ್ದು. ಫ್ರಿಜ್ ಬಂದ್ ಮಾಡೇನಿ, ಫ್ಯಾನ್ ಬಂದ್ ಮಾಡೇನಿ, ಇನ್ನೆರಡು ಕೌದಿ ಹಾಕೇನಿ.”

“ನನಗೆ ಚೆನ್ನಾಗಿ ಕೇಳಿಸ್ತಾ ಇದೆ ಕಣೇ. ಮೈಕ್ ಹಳೇದಾಯ್ತೇನೋ ನೋಡು” ಅಂದೆ.

ಮೈಕ್ ಬದಲಾಯಿಸಿದಳು. ನಾನು ಬದಲಾಗಲಿಲ್ಲ. ಮೂರು ವಾರ ಒಂದಾದ ಮೇಲೊಂದು ವಾಪಸ್ ಬರೆದೆ. ಇದರಲ್ಲಿ ನಾನು ಸುಳ್ಳು ಬರೆಯಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ಕೇಳಿಸಿದ್ದನ್ನೇ ಬರೆದೆ. ಆದರೆ ಬೇರೆ ಯಾರದಾದರೂ ರೆಕಾರ್ಡಿಂಗ್ ಹಚ್ಚಿ ನೋಡೋಣ ಎಂದು ಒಂದು ಸಲವೂ ಅನ್ನಿಸಲಿಲ್ಲ. ಸಿನಿಮಾ ಹಾಡು ಹಚ್ಚಿದಾಗ ಸದ್ದು ಕೇಳುತ್ತಿರಲಿಲ್ಲ, ಅಷ್ಟು ಸಾಕ್ಷಿ ನನಗೆ ಸಾಕಾಗಿತ್ತು. ಓದಿದ್ದನ್ನೇ ಮತ್ತೆ ಮತ್ತೆ ಓದಿ ಅವಳ ಗಂಟಲು ಕಟ್ಟಿಕೊಂಡಿತು. ದನಿ ಒಡೆಯುವುದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅದಕ್ಕೂ ವಾಪಸ್ ಬರೆದೆ.

ಮ್ಯಾನೇಜರು ಕೊನೆಗೆ ನನಗೆ ಫೋನ್ ಮಾಡಿದರು. “ಮೇಡಂ, ನಾನೂ ಕಾರಲ್ಲಿ ಬರ್ತಾ ಬೆಳ್ಳಂದೂರು ಟ್ರಾಫಿಕ್ಕಲ್ಲಿ ಕೇಳ್ದೆ. ನನಗೂ ಏನೋ ಸುಯ್ ಅಂದಂಗೇ ಆಯ್ತು.” ಬೆಳ್ಳಂದೂರು ಟ್ರಾಫಿಕ್ಕಿನಲ್ಲಿ ಕೂತು ಕೇಳಿದರೆ ಸುಯ್ ಅನ್ನದೆ ಸುಪ್ರಭಾತ ಕೇಳುತ್ತದೆಯೇ? ಆದರೆ ನಾನು ಬಾಯಿ ಬಿಡಲಿಲ್ಲ. “ಅವರನ್ನು ನಿಲ್ಲಿಸ್ತಾ ಇದೀವಿ. ನೀವೇ ಒಂದ್ಸಲ ಆಫೀಸಿನ ಸ್ಟುಡಿಯೋಗೆ ಬಂದು ಓದಿ ನೋಡ್ತೀರಾ?” ಅಂದರು.

ಓದುತ್ತೀರಾ ಅಂತೆ! ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ, ರೇಡಿಯೋಗೂ ಮೈಕಿಗೂ ಸೀರೆ ಕಾಣುವುದಿಲ್ಲ ಎಂದು ಗಂಡ ನಕ್ಕರೂ. ನಾಲ್ಕು ಗೋಡೆಗೂ ಸ್ಪಂಜು ಹೊದಿಸಿದ, ನೊಣ ಹಾರಿದರೂ ಕೇಳುವ ಕೋಣೆ ಅದು. ಚೆನ್ನಾಗಿಯೇ ಓದಿದೆ. ಮರುದಿನ ನಿಯಮದ ಪ್ರಕಾರ ಅದೂ ಚೆಕಿಂಗಿಗೆಂದು ನನ್ನ ಕಂಪ್ಯೂಟರಿಗೇ ಬಂತು. ಕಾಫಿ ಮಾಡಿಕೊಂಡು, ಫ್ಯಾನ್ ಆರಿಸಿ, ಕೂತು ಹಚ್ಚಿದೆ.

ಮೊದಲ ವಾಕ್ಯ ಮುಗಿಯಿತು. ಸುಯ್…

ಲೋಟ ಕೆಳಗಿಟ್ಟೆ. ಎರಡನೆಯ ವಾಕ್ಯ. ಸುಯ್… ಅದೇ ಸದ್ದು, ಅಷ್ಟೇ ಸಣ್ಣಗೆ. ಕಂಪ್ಯೂಟರಿನಲ್ಲಿ ಸೌಂಡನ್ನು ಪೂರ್ತಿ ಸೊನ್ನೆಗೆ ಇಳಿಸಿದೆ. ನನ್ನ ದನಿ ಹೋಯಿತು. ಸುಯ್ ಹೋಗಲಿಲ್ಲ. ದೊಡ್ಡ ಡಬ್ಬದ ಪಕ್ಕದ ಸಣ್ಣ ಡಬ್ಬಕ್ಕೆ ಕಿವಿ ಹಚ್ಚಿದೆ. ಅಲ್ಲೇ ಕೂತಿತ್ತು, ನನ್ನ ಮೇಜಿನ ಮೇಲೆ, ನೀಲಿ ದೀಪ ಮಿಣುಕಿಸಿಕೊಂಡು. ಏನಾದರೂ ಹಚ್ಚಿದಾಗ ಎದ್ದು, ನಿಲ್ಲಿಸಿದರೆ ತಾನೂ ಮಲಗುವ ಸದ್ದು. ಅದಕ್ಕೇ ಅದು ಅವಳ ಪಾಠದ ಜೊತೆಗೇ ಬಂದು ಜೊತೆಗೇ ಹೋಗುತ್ತಿತ್ತು. ನನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿತ್ತು, ನಾನು ಅವಳ ಎಲೆಯ ನೊಣ ಎಣಿಸುತ್ತಿದ್ದೆ.

ಆಗಲೇ ಫೋನ್ ಎತ್ತಬೇಕಿತ್ತು. ಎತ್ತಲಿಲ್ಲ. ನನ್ನ ಪಾಠದ ಮುಂದೆ ‘ಸರಿ’ ಎಂದು ಬರೆದೆ. ಸೋಮವಾರ ಸ್ಟುಡಿಯೋಗೆ ಹೋಗಿ ಅವಳ ಕುರ್ಚಿಯಲ್ಲಿ ಕೂತೆ.

ಓದಿದೆ. ಮಂಗಳವಾರ ಓದಿದೆ, ಬುಧವಾರ ಓದಿದೆ. ಎಷ್ಟು ಆಸೆಪಟ್ಟಿದ್ದ ಕೆಲಸ! ಸುಖವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಸುಖವಾಗಿಯೇ ಇತ್ತು. ಆದರೆ ಅಲ್ಲಿ ಕೂತಾಗಲೂ ಅವಳೇ ಕಿವಿಯಲ್ಲಿ. ಈ ಸಾಲನ್ನು ಅವಳು ಎಲ್ಲಿ ಉಸಿರು ಬಿಟ್ಟು ಓದುತ್ತಿದ್ದಳು ಎಂದು ಹೊಳೆಯುತ್ತಿತ್ತು, ನಾನೂ ಅಲ್ಲೇ ಉಸಿರು ಬಿಡುತ್ತಿದ್ದೆ. ಗೆದ್ದ ಮೇಲೂ ಅವಳ ಮೇಲಿನ ಹೊಟ್ಟೆಕಿಚ್ಚು ಹೋಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸದ್ದು ನನ್ನ ಸ್ಪೀಕರಿನದೇ ಎಂದು ಗೊತ್ತಾಗಿ ಎಂಟು ದಿನಕ್ಕೆ ಮತ್ತೆ ಅಂಗಡಿಗೆ ಹೋದೆ, ಜನ ಇಲ್ಲದ ಹೊತ್ತು ನೋಡಿ, ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ. ಪೆನ್‌ಡ್ರೈವಿನಲ್ಲಿ ಅವಳ ಒಂದು ಪಾಠ ಹಾಕಿಕೊಂಡಿದ್ದೆ, ನಾನೇ ವಾಪಸ್ ಮಾಡಿದ್ದು. “ಅಣ್ಣ, ಹಾಡು ಬೇಡ. ಇದನ್ನು ಹಾಕಿ. ಫ್ಯಾನ್ ಒಂದು ನಿಮಿಷ ಆಫ್ ಮಾಡ್ತೀರಾ?” ಅಂದೆ. “ಇದರಲ್ಲೇನು ಮೇಡಂ, ಬರೀ ಪಾಠ” ಎಂದು ಗೊಣಗುತ್ತ ಹಾಕಿದರು. ನಾನು ವಾಕ್ಯ ಬಿಟ್ಟು ಬಿಡುವು ಕೇಳುತ್ತಿದ್ದೆ. ಒಂದು ಸೆಟ್ಟು ಸುಯ್ ಅಂದಿತು. ಇನ್ನೊಂದು ಗುಂಯ್ ಅಂದಿತು. ಆ ಸಾದಾ ಕಪ್ಪು ಜೊತೆಗೆ ಕಿವಿ ಹಚ್ಚಿದಾಗ ಏನೂ ಕೇಳಲಿಲ್ಲ. ಆಮೇಲೆ ಕೇಳಿತು. ಅವಳು ಎಂಜಲು ನುಂಗುವುದು. ಕಟ್ಟಿದ ಗಂಟಲನ್ನು ಮೆಲ್ಲಗೆ ಸರಿಮಾಡಿಕೊಂಡು, ಮಕ್ಕಳಿಗೆ ಗೊತ್ತಾಗದ ಹಾಗೆ ನಗುದನಿ ತಂದುಕೊಂಡು ಮುಂದಿನ ಸಾಲು ಶುರುಮಾಡುವುದು. ಅಂಗಡಿಯವರ ಮುಂದೆ ನನ್ನ ಕಣ್ಣು ತುಂಬಿತು. “ಸೌಂಡು ಕಮ್ಮಿ ಮಾಡ್ಲಾ ಮೇಡಂ?” ಅಂದರು ಪಾಪ.

ಆ ಕಪ್ಪು ಜೊತೆಯನ್ನೇ ಕೊಂಡು ಮನೆಗೆ ಬಂದು, ವಾಪಸ್ ಬರೆದ ಅಷ್ಟೂ ಪಾಠಗಳನ್ನು ಅದರಲ್ಲಿ ಕೇಳಿದೆ. ಗಂಟಲು ಕಟ್ಟಿದ ಕೆಲವನ್ನು ಬಿಟ್ಟು ಎಲ್ಲವೂ ಸ್ವಚ್ಛವಾಗಿದ್ದವು. ಮ್ಯಾನೇಜರಿಗೆ ಉದ್ದವಾಗಿ ಬರೆದು ಕಳಿಸಿದೆ. ತಪ್ಪು ನನ್ನ ಸ್ಪೀಕರಿನದು, ಅವಳನ್ನು ವಾಪಸ್ ಕರೆಯಿರಿ, ನಾನು ಇನ್ನು ಓದುವುದಿಲ್ಲ ಎಂದು. ಮರುದಿನ ಬೆಳಿಗ್ಗೆ ಅವಳ ರೂಮಿಗೆ ಹೋದೆ.

ಕೌದಿಗಳನ್ನು ಬಿಚ್ಚಿ ಮಡಿಸಿಟ್ಟಿದ್ದಳು. ಬರಿಗೋಡೆಯಲ್ಲಿ ಮೊಳೆಗಳು ಮಾತ್ರ ಇದ್ದವು. “ಬಾ ಅಕ್ಕಾ” ಎಂದು ಚಹಾ ಮಾಡಿಕೊಟ್ಟಳು. ದನಿ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ನಾನು ಸ್ಪೀಕರಿನ ಕಥೆ ಹೇಳಿದೆ. ಅವಳು ನಗುತ್ತಾಳೋ ಬೈಯುತ್ತಾಳೋ ಎಂದು ಮುಖ ನೋಡುತ್ತಿದ್ದೆ. ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಅಯ್ಯ ಶಿವನ! ನಾ ಕಿವಿ ಡಾಕ್ಟರ್ ಕಡೆ ಹೋಗಿ ಬಂದೆ ಅಕ್ಕಾ. ನಿನಗ ಕೇಳೂದು ನನಗ ಕೇಳಸವಲ್ದು ಅಂದ್ರ ನನ್ನ ಕಿವೀನ ಕೆಟ್ಟಾವು ಅಂದ್ಕೊಂಡೆ. ಏನೂ ಆಗಿಲ್ಲವ್ವಾ ಅಂದ್ರು, ನಾ ನಂಬಲಿಲ್ಲ. ನಿನ್ನ ನಂಬಿದೆ.”

“ತಪ್ಪಾಯ್ತು ಕಣೇ. ಸ್ಪೀಕರ್ ಸರಿಯಿರಲಿಲ್ಲ” ಅಂದೆ.

“ಯಾವಾಗ ಗೊತ್ತಾತು ನಿನಗ?”

ನಿನ್ನೆ ಎಂದು ಹೇಳಿದ್ದರೆ ಮುಗಿಯುತ್ತಿತ್ತು, ನಂಬುತ್ತಿದ್ದಳು ಕೂಡ. ಆದರೆ ಅವಳು ನನ್ನನ್ನು ನಂಬುವುದು ಅಷ್ಟು ಸುಲಭ ಎಂದು ಈಗಷ್ಟೇ ಕೇಳಿದ್ದೆನಲ್ಲ, ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಒಂಬತ್ತು ದಿನ ಆಯ್ತು.”

ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಜೋರು ಮಾಡಲಿಲ್ಲ. ಮೈಕಿನ ಮುಂದೆ ಓದುವಾಗಿನ ಹಾಗೆಯೇ, ಒಂದೊಂದು ಮಾತನ್ನೂ ಬಿಡಿಸಿ ಕೇಳಿದಳು.

“ಮೊದಲಿನ ತಪ್ಪು ಸ್ಪೀಕರಂದು, ಒಪ್ಕೊಂಡೆ. ಈ ಒಂಬತ್ತು ದಿನಾ ಯಾರದು ಅಕ್ಕಾ?”