ಅಕ್ಕ ಬೇಡವೆಂದ ಪ್ರೊಪೆಲರ್

ಹಳೆಯ ನಾಲ್ಕು ಸೀಟಿನ ವಿಮಾನಗಳ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸುವುದರಲ್ಲಿ ಅಕ್ಕನನ್ನು ಮೀರಿಸುವವರು ಆ ಸುತ್ತಮುತ್ತ ಇರಲಿಲ್ಲ. ಐವತ್ತೆರಡು ವಯಸ್ಸು, ಮೋಟು ಕೂದಲು, ಮೂಗಿನ ತುದಿಯಲ್ಲೇ ಸಿಟ್ಟು. ವಿಮಾನ ರಿಪೇರಿಯ ಶೆಡ್ಡು ಅವಳದೂ ತಮ್ಮನದೂ. ಅವಳು ಕಟ್ಟುತ್ತಿದ್ದಳು, ಅವನು ಹಾರಿಸುತ್ತಿದ್ದ. ಜಗಳ ಮಾತ್ರ ಇಬ್ಬರದೂ ಸಮಪಾಲು.

ಈ ಸಲದ ವಿಮಾನಕ್ಕೆ ಎಂಟು ತಿಂಗಳು ಹಿಡಿದಿತ್ತು. ಹೊಸ ಎಂಜಿನ್ನಿನ ಭಾರಕ್ಕೆ ಮುಂದಿನ ಚೌಕಟ್ಟನ್ನೇ ಬದಲಾಯಿಸಿ, ರೇಡಿಯೇಟರ್ ಕೂರಿಸಿದ್ದಳು. ಮರದ ಪ್ರೊಪೆಲರ್ ಒಂದು ಬರುವುದು ಬಾಕಿ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ, ತಮ್ಮನು ವಿಮಾನವನ್ನು ಶೆಡ್ಡಿನ ಮುಂದೆ ತಂದು ಹಳೆಯ ಅಲ್ಯೂಮಿನಿಯಂ ಪ್ರೊಪೆಲರನ್ನೇ ಬಿಗಿದಿದ್ದ.

“ಬಿಚ್ಚೋ ಅದನ್ನ! ಡೀಸೆಲ್ ಉರಿದಾಗಲೆಲ್ಲ ಸುತ್ತಿಗೇಲಿ ಹೊಡೆದ ಹಾಗೆ. ಮರವಾದ್ರೆ ತಡೆಯತ್ತೆ, ಆ ಲೋಹ ಸೀಳಿಹೋಗತ್ತೆ.”

“ನಾಳೆ ಗಿರಾಕಿಗಳು ಬರ್ತಾರೆ. ನೆಲದ ಮೇಲೇ ಹತ್ತು ನಿಮಿಷ ಓಡಿಸಿ ನೋಡ್ತೀನಿ, ಸುಮ್ನಿರು.”

ಅವಳು ಸ್ಪ್ಯಾನರ್ ಹಿಡಿದು ಬೋಲ್ಟಿಗೆ ಕೈ ಹಾಕಿದಳು. ಅವನು ಅವಳ ಕಾಲರ್ ಹಿಡಿದೆಳೆದು ನೂಕಿದ. ರೆಕ್ಕೆಯ ಅಂಚು ಹಣೆಗೆ ಬಡಿದು ರಕ್ತ ಕಣ್ಣಿಗಿಳಿಯಿತು. ಎದ್ದವಳೇ ಸ್ಪ್ಯಾನರ್ ಬೀಸಿದಳು. ಅವನ ಎಡಗೈ ಮಣಿಕಟ್ಟು ಲಟಕ್ಕೆಂದಿತು. ಅವನು ಕಿರುಚುತ್ತಲೇ ಅವಳ ಹೊಟ್ಟೆಗೆ ಒದ್ದ. ಅವಳು ಉಸಿರು ಸಿಗದೆ ನೆಲದಲ್ಲಿ ಒದ್ದಾಡುತ್ತಿದ್ದಾಗ, ಅವನು ಒಂದೇ ಕೈಯಲ್ಲಿ ಕಾಕ್‌ಪಿಟ್ ಹತ್ತಿ ಎಂಜಿನ್ ಚಾಲೂ ಮಾಡಿದ.

ವೇಗ ಏರಿಸಿದ್ದೇ ತಡ, ಒಂದು ಅಲಗು ಮುರಿದು ಶೆಡ್ಡಿನ ತಗಡನ್ನು ಸೀಳಿಕೊಂಡು ಹೋಯಿತು. ತೂಕ ತಪ್ಪಿದ ಎಂಜಿನ್ ಬೋಲ್ಟುಗಳನ್ನು ಕಿತ್ತುಕೊಂಡು ಕೆಳಗೆ ಜೋತುಬಿತ್ತು. ಎದುರಿನ ಗಾಜು ಪುಡಿಪುಡಿಯಾಗಿ ಅವನ ಮುಖಕ್ಕೆ ಹೊಡೆಯಿತು. ಡೀಸೆಲ್ ಎಲ್ಲೆಡೆ ಚಿಮ್ಮಿತು, ಪುಣ್ಯಕ್ಕೆ ಹೊತ್ತಿಕೊಳ್ಳಲಿಲ್ಲ.

ಅಕ್ಕ ತೆವಳಿಕೊಂಡೇ ಹೋಗಿ ಬಾಗಿಲು ಕಿತ್ತು, ಅವನ ಕಂಕುಳಿಗೆ ಕೈಕೊಟ್ಟು ಎಳೆದಳು.

“ಸಾಯಬೇಡ್ವೋ ಕತ್ತೆ! ನಿನ್ನ ಕೊಲ್ಲೋದು ನನ್ನ ಕೆಲಸ!”

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದರು, ಕೈ ಹೇಗೆ ಮುರಿಯಿತೆಂದು.

“ನಾನೇ ಮುರಿದೆ,” ಎಂದಳು ಅಕ್ಕ.

ಮುಖವಿಡೀ ಬ್ಯಾಂಡೇಜಾಗಿದ್ದ ತಮ್ಮ ಒಳಗಿಂದಲೇ ಗೊಣಗಿದ: “ಬಾಗಿಲಿಗೆ ಸಿಕ್ಕಿಕೊಳ್ತು ಸಾರ್. ಇವಳ ತಲೆಗೆ ಪೆಟ್ಟು ಬಿದ್ದಿದೆ, ಏನೇನೋ ಬಡಬಡಿಸ್ತಾಳೆ.”

ಅವನ ಎಡಗಣ್ಣು ಹೋಯಿತು. ಹಾರಾಟವೂ ಅಲ್ಲಿಗೆ ಮುಗಿಯಿತು. ಅವನು ಕ್ಷಮೆ ಕೇಳಲಿಲ್ಲ, ಅವಳೂ ಕೇಳಲಿಲ್ಲ. ಮರುವರ್ಷ ಅಕ್ಕ ಮತ್ತೆ ಕಟ್ಟಿದ ಅದೇ ವಿಮಾನವನ್ನು ಬೇರೆ ಪೈಲಟ್ ಮರದ ಪ್ರೊಪೆಲರಿನೊಂದಿಗೆ ಮೇಲಕ್ಕೆತ್ತಿದಾಗ, ಬೇಲಿಯ ಪಕ್ಕ ನಿಂತ ತಮ್ಮ ಕೊನೆಯವರೆಗೂ ಬೈಯುತ್ತಲೇ ಇದ್ದ. ಅಕ್ಕ ಅವನ ತೋಳು ಬಿಡಲಿಲ್ಲ.