ಅತ್ತೆಯ ಕೈಕೆಳಗೆ ಆರು ವರ್ಷ

ಆ ಬೀದಿಯಲ್ಲಿ ಅತ್ತೆಗೆ ಇದ್ದ ಹೆಸರು ಸೂಪರ್‌ವೈಸರಮ್ಮ. ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಸಾಲು ಸಾಲು ಮೆಷಿನ್ನುಗಳ ಮೇಲೆ ಕಣ್ಣಿಟ್ಟು ಕಣ್ಣಿಟ್ಟು ರೂಢಿಯಾಗಿ, ಕೆಲಸದಿಂದ ನಿವೃತ್ತಿಯಾದ ಮೇಲೂ ಮನೆಯ ಸ್ಟೂಲಿನ ಮೇಲೆ ಕೂತು ಅದೇ ಕಣ್ಣನ್ನು ಅಡುಗೆಮನೆಯ ಕಡೆ ಹಾಯಿಸುತ್ತಿದ್ದರು. ಅವರು ಯಾರನ್ನಾದರೂ ಹೊಗಳಿದ್ದನ್ನು ಕೇಳಿದವರಿಲ್ಲ. ಬಹಳ ಚೆನ್ನಾಗಿದ್ದರೆ "ಪರವಾಗಿಲ್ಲ" ಎನ್ನುತ್ತಿದ್ದರು, ಉಳಿದದ್ದಕ್ಕೆಲ್ಲ ಮೂಗು ಮುರಿಯುತ್ತಿದ್ದರು. ಆ ಮನೆಗೆ ಸೊಸೆಯಾಗಿ ಬಂದವಳಿಗೆ "ಪರವಾಗಿಲ್ಲ" ಸಿಕ್ಕಿದ್ದೂ ಅಪರೂಪವೇ.

ಸೊಸೆ ಕಣ್ಣಿನ ಆಸ್ಪತ್ರೆಯೊಂದರ ರಿಸೆಪ್ಷನ್‌ನಲ್ಲಿ ಕೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಅತ್ತೆ ಹಾಗೆಯೇ ಕುಸಿದರು. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಗಂಡ ಬೇಕರಿಗಳಿಗೆ ಹಿಟ್ಟು ಸಾಗಿಸುವ ವ್ಯಾನಿನ ಡ್ರೈವರ್, ಬೆಳಗಾಗುವ ಮುನ್ನ ಮನೆ ಬಿಡುವವನು. ನಾದಿನಿ ಆಗಷ್ಟೇ ಒಂದು ಕಂಪನಿಗೆ ಸೇರಿದ್ದಳು. ಯಾರು ನೋಡಿಕೊಳ್ಳಬೇಕೆಂಬ ಪಂಚಾಯಿತಿ ಶುರುವಾಗುವ ಮೊದಲೇ ಸೊಸೆ ರಾಜೀನಾಮೆ ಕೊಟ್ಟು ಬಂದಳು.

ಅಲ್ಲಿಂದ ಆರು ವರ್ಷ. ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಗುಳಿಗೆ ಪುಡಿ ಮಾಡಿ ಚಮಚದಲ್ಲಿ ಕೊಡುವುದು, ಸತ್ತಂತೆ ಬಿದ್ದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುವುದು. ಫಿಸಿಯೋಥೆರಪಿಯವರು ವಾರಕ್ಕೊಮ್ಮೆ ಬಂದು ಹೇಳಿಕೊಟ್ಟು ಹೋಗುತ್ತಿದ್ದರು, ಮಾಡಿಸುವವಳು ಇವಳು. ಮಾತು ಮರಳಿದಾಗ ಮೊದಲು ಬಂದದ್ದು ಬೈಗುಳ. "ಕತ್ತೆ" ಎಂದು ಅತ್ತೆ ಸ್ಪಷ್ಟವಾಗಿ ಅಂದ ದಿನ ಸೊಸೆ ಖುಷಿಗೆ ಅತ್ತುಬಿಟ್ಟಿದ್ದಳು. ಕೊನೆಗೆ ಅತ್ತೆ ಕೋಲು ಊರಿಕೊಂಡು ಗೇಟಿನವರೆಗೆ ನಡೆದು, ತರಕಾರಿ ಗಾಡಿಯವನೊಂದಿಗೆ ಜಗಳವಾಡಿ, ಗೆದ್ದು ಬರುವಂತಾದರು.

ಇನ್ನು ಕೆಲಸಕ್ಕೆ ಹೋಗಬೇಕು ಎಂದು ಸೊಸೆಗೆ ಅನಿಸಿತು. ಸಂಬಳದ ಆಸೆ ಇತ್ತು, ಇರಲಿಲ್ಲ ಎನ್ನುವುದು ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ, ಬೀದಿ ತುದಿಯ ಇಸ್ತ್ರಿ ಅಂಗಡಿಯಾಕೆ ಕಂಡಾಗಲೆಲ್ಲ "ಏನಮ್ಮಾ, ಈಗ ಏನ್ ಮಾಡ್ಕೊಂಡಿದ್ದೀಯ?" ಎಂದು ಕೇಳುವುದು, ಇವಳು "ಏನಿಲ್ಲ, ಮನೇಲೇ ಇದ್ದೀನಿ" ಎನ್ನುವುದು ಸಾಕಾಗಿ ಹೋಗಿತ್ತು. ಹಗಲೆಲ್ಲ ದುಡಿದು ತನ್ನ ಬಾಯಿಂದಲೇ "ಏನಿಲ್ಲ" ಅನ್ನಬೇಕೆಂದರೆ ಯಾರಿಗೆ ತಾನೇ ಹೊಟ್ಟೆ ಉರಿಯದು?

ಜೆರಾಕ್ಸ್ ಅಂಗಡಿಯಲ್ಲಿ ರೆಸ್ಯೂಮೆ ಮಾಡಿಸಿದಳು. ಸುತ್ತ ನೀಲಿ ಗೆರೆ, ಎಡಕ್ಕೊಂದು ಚೌಕ, ಬಲಕ್ಕೊಂದು ಚೌಕ, ಮೂಲೆಯಲ್ಲಿ ನಗುಮುಖದ ಫೋಟೋ. ನೋಡಿದರೆ ದೃಷ್ಟಿ ತಾಗಬೇಕು, ಹಾಗಿತ್ತು. ಒಲೆಯ ಮೇಲೆ ಹಾಲಿಟ್ಟು ಅರ್ಜಿ ಕಳಿಸಿದಳು. ಹಾಲು ಉಕ್ಕುವ ಮೊದಲೇ ಉತ್ತರ ಬಂತು: ವಿಷಾದದಿಂದ ತಿಳಿಸುತ್ತೇವೆ. ಇನ್ನೊಂದು ಕಡೆ ಕಳಿಸಿದಳು, ಅಲ್ಲೂ ಅಷ್ಟೇ ವಿಷಾದ. ಇಷ್ಟು ಬೇಗ ವಿಷಾದ ಹುಟ್ಟುವ ಹೃದಯ ಯಾವುದಪ್ಪಾ ಎಂದು ಅವಳಿಗೆ ಆಶ್ಚರ್ಯವಾಯಿತು.

ಆಗ ಗಂಡ ಗೋದಾಮಿನಿಂದ ಒಂದು ಉಪಾಯ ಹೊತ್ತು ತಂದ. "ಅದು ಮನುಷ್ಯರು ಓದೋದಲ್ವಂತೆ ಕಣೇ, ಸಾಫ್ಟ್‌ವೇರ್ ಓದೋದು. ಜಾಹೀರಾತಲ್ಲಿರೋ ಪದ ನಮ್ಮದ್ರಲ್ಲೂ ಇದ್ರೆ ಪಾಸು, ಇಲ್ದಿದ್ರೆ ಫೇಲು. ಎಲ್ಲಾ ಪದಾನೂ ಕೊನೇಲಿ ಬಿಳಿ ಅಕ್ಷರದಲ್ಲಿ ತುಂಬಿಬಿಡು. ಬಿಳಿ ಹಾಳೆ ಮೇಲೆ ಯಾರಿಗೂ ಕಾಣಲ್ಲ, ಅದಕ್ಕೆ ಮಾತ್ರ ಕಾಣತ್ತೆ."

ಹಾಗೆಯೇ ಮಾಡಿದಳು. ಅವಸರದಲ್ಲಿ ಬೇರೆ ಬೇರೆ ಜಾಹೀರಾತಿನ ಪದಗಳೆಲ್ಲ ಒಂದೇ ಕಡೆ ಸೇರಿಕೊಂಡವು. ಈ ಸಲ ವಿಷಾದ ಬರಲಿಲ್ಲ, ಫೋನೇ ಬಂತು! ಸೊಸೆ ಸೆರಗಿಗೆ ಕೈ ಒರೆಸಿಕೊಂಡು ಎತ್ತಿದಳು. ಆ ಕಡೆಯಾತ ಬಹಳ ಮರ್ಯಾದೆಯಿಂದ, "ಮೇಡಂ, ನಿಮಗೆ ಗೋದಾಮಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ಅನುಭವ ಇದೆ ಅಂತಿದೆ. ಎಷ್ಟು ಟನ್ನಿಂದು?" ಎಂದ. ಸೊಸೆ ಇಂಗು ತಿಂದ ಮಂಗನಂತಾದಳು. ಪಕ್ಕದಲ್ಲಿ ನಿಂತಿದ್ದ ಗಂಡ ಬೆರಳೆತ್ತಿ "ಮೂರು, ಮೂರು" ಎಂದು ಸನ್ನೆ ಮಾಡಿದ. ಅವನ ಕಡೆ ಕೆಂಗಣ್ಣು ಬಿಟ್ಟು "ಕ್ಷಮಿಸಿ, ತಪ್ಪಾಗಿದೆ" ಎಂದು ಫೋನಿಟ್ಟಳು. ಆ ಸಂಜೆ ಗಂಡನಿಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ.

ಭಾನುವಾರ ನಾದಿನಿ ಬಂದಳು. ಅವಳು ಈಗ ತನ್ನ ಕಂಪನಿಯಲ್ಲಿ ಕೆಲಸಕ್ಕೆ ಜನ ಆರಿಸುವ ವಿಭಾಗದಲ್ಲಿದ್ದಳು. ನೀಲಿ ಗೆರೆಯ ರೆಸ್ಯೂಮೆ ನೋಡಿ ಹಣೆ ಚಚ್ಚಿಕೊಂಡಳು. "ಅತ್ತಿಗೆ, ಈ ಚೌಕ ಎಲ್ಲಾ ಆ ಸಾಫ್ಟ್‌ವೇರಿಗೆ ಅರ್ಥ ಆಗಲ್ಲ. ಎಡದ ಸಾಲು ಬಲದ ಸಾಲು ಕಲಸಿ ಓದ್ಕೊಳ್ಳತ್ತೆ. ನೇರವಾಗಿ ಮೇಲಿಂದ ಕೆಳಗೆ ಬರೀಬೇಕು. ಜಾಹೀರಾತಿನ ಪದಾನೇ ಹಾಕ್ಬೇಕು, ನಿಜ. ಆದ್ರೆ ನೀವು ಮಾಡಿರೋ ಕೆಲಸದ ಪದ ಮಾತ್ರ. ಪದ ಬಾಗಿಲು ತೆಗೆಯತ್ತೆ ಅಷ್ಟೇ, ಒಳಗೆ ಹೋದ್ಮೇಲೆ ಮಾತಾಡೋದು ನೀವು."

ಮನೆಗಳಿಗೆ ಆರೈಕೆಯವರನ್ನು ಕಳಿಸುವ ಸಂಸ್ಥೆಯೊಂದರ ಜಾಹೀರಾತನ್ನು ನಾದಿನಿಯೇ ಹುಡುಕಿ ತಂದಿದ್ದಳು. ಕೇರ್ ಕೋಆರ್ಡಿನೇಟರ್, ಅಂದರೆ ಆರೈಕೆಯ ಉಸ್ತುವಾರಿ ನೋಡುವವರು, ಬೇಕಾಗಿದ್ದಾರೆ. ಇಬ್ಬರೂ ಊಟದ ಮೇಜಿಗೆ ಲ್ಯಾಪ್‌ಟಾಪ್ ಇಟ್ಟು ಕೂತರು. ಕಣ್ಣಿನ ಆಸ್ಪತ್ರೆಯ ಕೆಲಸ ಬರೆದಾಯಿತು. ಅದರ ಮುಂದೆ ಬಂದು ನಾದಿನಿಯ ಕೈ ನಿಂತಿತು.

"ಈ ಆರು ವರ್ಷಕ್ಕೆ ಏನ್ ಹಾಕೋಣ? ಕೌಟುಂಬಿಕ ಕಾರಣ ಅಂತ ಹಾಕಿ ಬಿಟ್ಬಿಡೋಣ್ವಾ?"

"ಹೂಂ, ಖಾಲಿ ಅಂತಾನೇ ಹಾಕು. ಏನೂ ಮಾಡಿಲ್ವಲ್ಲ," ಎಂದಳು ಸೊಸೆ.

ಸ್ಟೂಲಿನ ಮೇಲಿಂದ ಕೋಲು ನೆಲಕ್ಕೆ ಬಡಿಯಿತು. "ಯಾರೇ ಖಾಲಿ? ನಾನು ಖಾಲೀನಾ?"

ಇಬ್ಬರೂ ತಿರುಗಿದರು. ಅತ್ತೆಯ ಮುಖ ಕೆಂಪಗಾಗಿತ್ತು. "ಹೆಣದ ಥರ ಬಿದ್ದಿದ್ದೆ. ಈಗ ನಡೀತಿದ್ದೀನಿ. ನಾನಾಗೇ ಎದ್ದು ಬಂದ್ನಾ? ಏನೂ ಮಾಡಿಲ್ವಂತೆ! ಓದೇ ಆ ಜಾಹೀರಾತು, ಒಂದೊಂದೇ ಓದು."

"ಅಮ್ಮಾ, ಅದರ ಪದಗಳೇ ಬೇರೆ ಇರತ್ತೆ..."

"ನಮ್ಮ ಕಾರ್ಖಾನೇಲಿ ನೂಲು ಕತ್ತರಿಸೋ ಹುಡುಗೀಗೆ ಫಿನಿಶಿಂಗ್ ಸ್ಟಾಫ್ ಅಂತಿದ್ರು. ಕೆಲಸ ಅದೇ, ಹೆಸರು ಬೇರೆ. ನನಗೆ ಹೇಳ್ಕೊಡ್ತೀಯಾ? ಓದು."

ನಾದಿನಿ ಓದಿದಳು. ಮೆಡಿಕೇಷನ್ ಶೆಡ್ಯೂಲ್. "ಬೆಳಿಗ್ಗೆ ಬಿಳಿ, ಮಧ್ಯಾಹ್ನ ಅರ್ಧ ಹಳದಿ. ಒಂದು ದಿನ ತಪ್ಪಿಸಿಲ್ಲ. ಹಾಕು." ಫಿಸಿಯೋಥೆರಪಿ ಫಾಲೋ-ಅಪ್. ಅತ್ತೆ ಬಲಗೈ ಎತ್ತಿ ಬೆರಳು ಮಡಿಸಿ ತೋರಿಸಿದರು. "ಹಾಕು." ಪೇಶೆಂಟ್ ಸೇಫ್ಟಿ. "ಬಚ್ಚಲಲ್ಲಿ ಹಿಡಿಯೋ ಕಂಬಿ ಹಾಕಿಸಿದ್ದು ಯಾರು? ನನ್ ಮಗನಾ? ಹಾಕು." ಸೊಸೆ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಇದನ್ನೆಲ್ಲ ಈ ಹೆಂಗಸು ಗಮನಿಸುತ್ತಿದ್ದರೇ? ಎಲ್ಲ ನೆನಪಿಟ್ಟಿದ್ದಾರೆಯೇ?

ಕೊನೆಯ ಸಾಲು ಓದಲು ನಾದಿನಿ ಸ್ವಲ್ಪ ಹಿಂದೆ ಮುಂದೆ ನೋಡಿದಳು. "ಕಷ್ಟದ ಸ್ವಭಾವದ ರೋಗಿಗಳನ್ನು ತಾಳ್ಮೆಯಿಂದ ನಿಭಾಯಿಸಿದ ಅನುಭವ."

ಗಂಡ ಕೆಮ್ಮುವ ನೆಪದಲ್ಲಿ ಹೊರಗೆ ಹೋದ.

"ದಪ್ಪ ಅಕ್ಷರದಲ್ಲಿ ಹಾಕು," ಎಂದರು ಅತ್ತೆ.

ಯಾರಲ್ಲಿ ವಿಚಾರಿಸಬಹುದು ಎಂಬ ಜಾಗಕ್ಕೆ ಫಿಸಿಯೋಥೆರಪಿಯವರ ಹೆಸರು ಹಾಕಿದರು. ಕೆಳಗೆ ತನ್ನದೂ ಬರಬೇಕೆಂದು ಅತ್ತೆ ಹಟ ಹಿಡಿದರು. ಮನೆಯವರ ಮಾತಿಗೆ ಬೆಲೆ ಕಡಿಮೆ ಎಂದು ನಾದಿನಿ ಎಷ್ಟು ಹೇಳಿದರೂ ಕೇಳಲಿಲ್ಲ. "ಅತ್ತೆ ಅಂತಾನೇ ಬರಿ. ಮುಚ್ಚುಮರೆ ಯಾಕೆ? ಅವಳು ಕೆಲಸ ಮಾಡಿದ್ದು ನನ್ನ ಕೈಕೆಳಗೆ."

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ," ನಾದಿನಿ ನಕ್ಕಳು. "ಇಲ್ಲಿ ಇಬ್ಬರಿಗೂ ಒಂದೇ ಸಲ ಬಂದಿದೆ."

ಅರ್ಜಿ ಹೋಯಿತು. ಸೊಸೆ ಹಾಲಿಟ್ಟಳು. ಹಾಲು ಉಕ್ಕಿತು, ವಿಷಾದ ಬರಲಿಲ್ಲ. ಮೂರನೆಯ ದಿನ ಸಂದರ್ಶನಕ್ಕೆ ಕರೆ ಬಂತು. ಹೋಗಿ ಕೂತಳು. ಮೇಲಧಿಕಾರಿ ಹೆಂಗಸು ರೆಸ್ಯೂಮೆಯ ಒಂದೊಂದು ಪದದ ಮೇಲೂ ಬೆರಳಿಟ್ಟು ಕೆದಕಿದರು. ಈ ಸಲ ಯಾವ ಪದವೂ ಕೈಕೊಡಲಿಲ್ಲ, ಕೇಳಿದ್ದಕ್ಕೆಲ್ಲ ಹೇಳಲು ಅವಳ ಬಳಿ ಒಂದು ದಿನ, ಒಂದು ಗುಳಿಗೆ, ಒಂದು ಜಗಳ ಇತ್ತು. "ವಿಚಾರಿಸಿ ತಿಳಿಸ್ತೀವಿ," ಎಂದರು ಅಧಿಕಾರಿ.

ಫಿಸಿಯೋಥೆರಪಿಯವರು ಒಳ್ಳೆಯ ಮಾತೇ ಹೇಳಿದ್ದರು. ಇನ್ನುಳಿದದ್ದು ಅತ್ತೆ. ಅಲ್ಲೇ ಇದ್ದದ್ದು ಸೊಸೆಯ ಭಯ. ಜನ್ಮದಲ್ಲಿ ಯಾರನ್ನೂ ಹೊಗಳದ ಬಾಯಿ ಅದು. ಒಮ್ಮೆ ಮೂಗು ಮುರಿದರೆ ಸಾಕು, ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ.

ಫೋನ್ ಬಂದಾಗ ಅವಳು ಪಾತ್ರೆ ತೊಳೆಯುತ್ತಿದ್ದಳು. ಅತ್ತೆ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಸೊಸೆ ನಲ್ಲಿ ನಿಲ್ಲಿಸಿದಳು.

"ನಿಮ್ಮ ಸೊಸೆ ಕೆಲಸ ಹೇಗೆ ಮಾಡ್ತಾರೆ ಅಮ್ಮಾ?"

"ಪರವಾಗಿಲ್ಲ."

ಸೊಸೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅತ್ತೆಯ "ಪರವಾಗಿಲ್ಲ"ದ ಬೆಲೆ ಈ ಬೀದಿಗೆ ಗೊತ್ತು, ಆ ಅಧಿಕಾರಿಗೆ ಹೇಗೆ ಗೊತ್ತಾಗಬೇಕು?

"ಅವರಲ್ಲಿ ಏನಾದ್ರೂ ಕೊರತೆ?"

"ಇದೆ. ಬೈದ್ರೆ ತಿರುಗಿ ಬೈಯಲ್ಲ. ನಿಮ್ಮಲ್ಲಿ ಯಾರಾದ್ರೂ ಅವಳನ್ನ ಬೈದ್ರೆ ನನಗೆ ಫೋನ್ ಮಾಡಿ."

ಆ ಕಡೆ ನಗು ತಡೆದುಕೊಂಡ ಸದ್ದು. "ಸರಿ ಅಮ್ಮಾ. ಕೊನೇ ಪ್ರಶ್ನೆ. ಎಲ್ಲರಿಗೂ ಕೇಳ್ತೀವಿ. ಆರು ವರ್ಷ ಮಾಡಿದ ಆ ಕೆಲಸ ಅವರು ಯಾಕೆ ಬಿಟ್ರು?"

ಅತ್ತೆ ಬಲಗೈಯನ್ನು ಮೇಜಿನ ಮೇಲಿಟ್ಟು ಬೆರಳುಗಳನ್ನು ನೋಡಿಕೊಂಡರು.

"ಅವಳು ಬಿಟ್ಟಿಲ್ಲ ಕಣಮ್ಮಾ. ನಾನು ಎದ್ದು ನಡೆದೆ. ಕೆಲಸ ಮುಗೀತು."

ಸೊಸೆ ಒದ್ದೆ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಆರು ವರ್ಷದಲ್ಲಿ ಕಾದದ್ದೋ ಕಾಯದೇ ಬಿಟ್ಟದ್ದೋ, ಆ ಮೆಚ್ಚುಗೆಯ ಮಾತು ಬಂದೇಬಿಟ್ಟಿತ್ತು. ಫೋನಿನಲ್ಲಿ ಸೋಮವಾರ ಎಂಬ ಪದವಷ್ಟೇ ಅವಳಿಗೆ ಕೇಳಿಸಿತು.

"ಏನು ಗೊಂಬೆ ಥರ ನಿಂತೆ? ಸೋಮವಾರ ಬರ್ಬೇಕಂತೆ. ಪಾತ್ರೆ ಹಾಗೇ ಇದೆ," ಎಂದರು ಅತ್ತೆ.

ಸೋಮವಾರ ಸೊಸೆ ಹೊರಟಾಗ, ಅವಳು ಬೇಡವೆಂದರೂ ಕೇಳದೆ ಅತ್ತೆ ಕೋಲು ಊರಿಕೊಂಡು ಬಸ್ ಸ್ಟಾಪಿನವರೆಗೂ ಬಂದರು. ಇಸ್ತ್ರಿ ಅಂಗಡಿಯಾಕೆ ಪೆಟ್ಟಿಗೆ ಬದಿಗಿಟ್ಟು ಇಣುಕಿದಳು. "ಏನಮ್ಮಾ, ಹೊರಟೆ? ಇಷ್ಟು ದಿನ ಏನ್ ಮಾಡ್ಕೊಂಡಿದ್ದೆ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬರೀ ಕಾಲಿನ ಬಲದ ಮೇಲೆ ಎರಡು ಹೆಜ್ಜೆ ಮುಂದೆ ನಡೆದು, ಅಂಗಡಿಯ ಎದುರು ನೆಟ್ಟಗೆ ನಿಂತರು.

"ಇದನ್ನ," ಎಂದರು.