ಕೆರೆ ಏರಿಯ ದಾರಿ

ಆ ದಿನ ಕಾರನ್ನು ಬೇಕೆಂದೇ ಕೆರೆ ಏರಿಯ ಮೇಲೆ ಹತ್ತಿಸಿದೆ. ದಾರಿ ತಪ್ಪಿತೆಂದು ಈಗಲೂ ಹೇಳಿಬಿಡಬಹುದು, ಆದರೆ ಹುಟ್ಟಿದಾಗಿನಿಂದ ಚನ್ನಪಟ್ಟಣದ ಸುತ್ತಲೇ ಓಡಾಡಿದ ಡ್ರೈವರ್ ಹಾಗೆಂದರೆ ಯಾರು ನಂಬುತ್ತಾರೆ? ಹೋಗಬೇಕಿದ್ದ ಊರಿಗೆ ಒಳ್ಳೆಯ ಟಾರು ರಸ್ತೆಯಿತ್ತು. ಗೊತ್ತಿದ್ದೂ ಮೋಸ ಮಾಡಿದೆ.

ಊರು ವಿರೂಪಾಕ್ಷಿಪುರದಿಂದ ಇನ್ನೂ ಒಳಕ್ಕೆ. ಹೆಸರು ಬರೆಯುವ ಮುಖ ನನಗಿಲ್ಲ. ಅಲ್ಲಿ ಪುಟ್ಟತಾಯಮ್ಮ ಎಂಬಾಕೆ ಆರು ಹೆಂಗಸರನ್ನು ಕಟ್ಟಿಕೊಂಡು ಅರಗಿನ ಬೊಂಬೆ ಮಾಡುತ್ತಿದ್ದಳು. ಲೇತಿನಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿದರೆ ಬುಗುರಿ ಫಳಫಳ ಹೊಳೆಯುತ್ತಿತ್ತು. ಬೊಂಬೆ ಮಾಡುವುದನ್ನು ನೋಡಲು ಜನ ನಮ್ಮೂರಿಗೇ ಬರುತ್ತಾರೆ ಎಂದು ನಂಬಿಸಿ, ಆ ಆರು ಜನರಿಂದ ಗಾರ್ಮೆಂಟ್ಸ್ ಕೆಲಸ ಬಿಡಿಸಿದ್ದಳು. ಅವಳನ್ನು ಹಾಗೆ ನಂಬಿಸಿದ್ದವನು — ನಾನೇ. ಬೆಂಗಳೂರಿನವರನ್ನು ಕಾರಿನಲ್ಲಿ ತುಂಬಿಕೊಂಡು ಬರುತ್ತೇನೆಂದು ಜಂಬ ಕೊಚ್ಚಿದ್ದೆ.

ಆಮೇಲೆ ಹೆದ್ದಾರಿ ಪಕ್ಕ ನನ್ನದೇ ಬೊಂಬೆ ಅಂಗಡಿಯಾಯಿತು. ಮನಸ್ಸು ಕೆಟ್ಟಿದ್ದು ಅಲ್ಲಿಂದ. ಬೊಂಬೆ ಹುಟ್ಟುವ ಮನೆಯನ್ನೇ ನೋಡಿದವರು ನನ್ನ ಅಂಗಡಿಯಲ್ಲಿ ಯಾಕೆ ಕೊಳ್ಳುತ್ತಾರೆ? ಅದೇ ಹೊತ್ತಿಗೆ, ಪ್ರವಾಸಿ ಬಸ್ಸುಗಳು ಎಲ್ಲೆಲ್ಲಿ ನಿಲ್ಲಬೇಕೆಂದು ಗುರುತು ಹಾಕಲು ಅಧಿಕಾರಿಗಳು ಬಂದರು. ಊರೂರು ಬಲ್ಲವನೆಂದು ನನ್ನ ಕಾರನ್ನೇ ಕರೆದರು.

ಬೆಳಿಗ್ಗೆ ಪುಟ್ಟತಾಯಮ್ಮನ ಫೋನು. "ಅಣ್ಣಾ, ಎಳನೀರ್ ಕೀಳ್ಸಿವ್ನಿ. ಟಾರ್ ರೋಡ್ತಾವ್ಲೇ ಎಲ್ರೂ ನಿಂತಿರ್ತೀವಿ, ಕರ್ಕಂಬಾ."

"ಬತ್ತೀನಿ ಕಣವ್ವ" ಅಂದೆ. ಅಂದು, ಏರಿ ಹಿಡಿದೆ.

ಹಿಪ್ಪುನೇರಳೆ ಸೊಪ್ಪು ಹೊರುವ ಟ್ರ್ಯಾಕ್ಟರುಗಳು ಓಡಿ ಓಡಿ ಆ ಏರಿಯಲ್ಲಿ ಮೊಣಕಾಲುದ್ದ ಗುಂಡಿ. ಹಿಂದಿನ ದಿನದ ಮಳೆ ಬೇರೆ. ಅರ್ಧ ದಾರಿಯಲ್ಲೇ ಹಿರಿಯ ಅಧಿಕಾರಿ ಸೀಟಿನ ಕಂಬಿ ಹಿಡಿದು, "ಇಲ್ಲಿಗೆ ಬಸ್ ಬರೋದುಂಟೇನ್ರಿ? ತಿರುಗಿಸಿ" ಎಂದರು. ಇನ್ನೊಂದು ದಾರಿ ಇದೆ ಸಾರ್ — ನಾಲ್ಕೇ ಪದ. ನನ್ನ ಬಾಯಿಂದ ಬರಲಿಲ್ಲ. ಕಾರು ತಿರುಗಿಸಿದೆ. ಊರಿನ ಆ ತುದಿಯಲ್ಲಿ ಏಳು ಹೆಂಗಸರು ಎಳನೀರು ಇಟ್ಟುಕೊಂಡು ಮಧ್ಯಾಹ್ನದವರೆಗೂ ನಿಂತಿದ್ದರಂತೆ. ಅಧಿಕಾರಿಗಳೇ ಬೇಡವೆಂದರು ಎಂದು ಪುಟ್ಟತಾಯಮ್ಮನಿಗೆ ಹೇಳಿದೆ.

ಪ್ರವಾಸಿ ಬಸ್ಸು ನಿಲ್ಲುವುದು ನನ್ನ ಅಂಗಡಿಯ ಮುಂದೆ ಎಂದಾಯಿತು. ಜನ ಬಂದರೆಂದು ದೀಪ ಬಂತು, ಶೌಚಾಲಯ ಬಂತು. ಅವು ಬಂದವೆಂದು ಇನ್ನಷ್ಟು ಜನ. ಅತ್ತ ಜನವೇ ಇಲ್ಲವೆಂದು ಆ ಊರಿಗಿದ್ದ ಮಧ್ಯಾಹ್ನದ ಬಸ್ಸೂ ನಿಂತಿತು. ಆರು ಜನ ಮತ್ತೆ ಗಾರ್ಮೆಂಟ್ಸ್ ಗಾಡಿ ಹತ್ತಿದರು. ಪುಟ್ಟತಾಯಮ್ಮ ನನ್ನ ಅಂಗಡಿಯಲ್ಲೇ ಕೂಲಿಗೆ ಕೂತಳು, ಬಂದವರ ಮುಂದೆ ಬುಗುರಿ ಮಾಡಿ ತೋರಿಸಲು. ಕೆಲಸ ಕೊಟ್ಟ ಪುಣ್ಯಾತ್ಮನೆಂದು ನನಗೆ ಕೈ ಮುಗಿದಳು! ಆ ಕೈಯನ್ನು ನೋಡಲಾರದೆ ಒಳಗೆ ಹೋದೆ.

ಸರಿಪಡಿಸಲು ಹೋಗಲಿಲ್ಲವೆಂದಲ್ಲ. ಹೋದಾಗ ಆ ಅಧಿಕಾರಿ ವರ್ಗವಾಗಿದ್ದರು. ಬಂದಿದ್ದ ಹೊಸಬರು, "ಜನ ನಿಮ್ಮಲ್ಲಿಗೇ ಬರ್ತಿದ್ದಾರಲ್ಲ, ಈಗ ಯಾಕೆ ಬದಲಾಯಿಸೋದು?" ಎಂದು ನಕ್ಕರು. ಒಂದು ಸುಳ್ಳಿನಿಂದ ಮಾಡಿದ್ದನ್ನು ನೂರು ನಿಜ ಹೇಳಿದರೂ ನನ್ನಿಂದ ಬಿಡಿಸಲಾಗಲಿಲ್ಲ.

ಕೊನೆಗೆ ಕಳೆದ ವಾರ ಅವಳಿಗೇ ಹೇಳಿದೆ, ಎಲ್ಲವನ್ನೂ. ಲೇತು ನಿಂತಿತು. ಎದುರಿಗೆ ಯಾರೋ ಪ್ರವಾಸಿ ವಿಡಿಯೊಗೆಂದು ಫೋನು ಎತ್ತಿ ಹಿಡಿದು, ಯಾಕೆ ನಿಲ್ಲಿಸಿದಿರಿ ಎಂದರು. ಅವಳು ಮತ್ತೆ ಲೇತು ಹಾಕಿದಳು, ಅವರ ಕಡೆಗೆ ನಕ್ಕಳು ಕೂಡ. ನನ್ನ ಮುಖ ನೋಡದೆಯೇ ಹೇಳಿದಳು:

"ನಂಗೇಳಿ ಏನ್ ಬಂತು? ನಮ್ಮೂರ್ಗ್ ಬಂದು ಆ ಆರ್ ಜನದ್ ಮುಂದೆ ಹೇಳು. ಸುಳ್ ಹೇಳಿ ಕೆಲ್ಸ ಬುಡ್ಸುದ್ಲು ಅಂತ ಇವತ್ಗೂ ನನ್ನೇ ಬಯ್ತಾವ್ರೆ."

ಟಾರು ರಸ್ತೆಯಲ್ಲಿ ಹೋದರೆ ಇಪ್ಪತ್ತು ನಿಮಿಷ. ನಾನಿನ್ನೂ ಹೋಗಿಲ್ಲ.